ಉರ್ಫ್ ಬದನಿಕೆ

ಶಹಾಪುರದ ಮಲಗಿದ ಬುದ್ಧನ ಗುಡ್ಡ ಕಣ್ಣಿಗೆ ಮರೆಯಾದ ಮೇಲೆ, ಸುರಪುರದ ಕಡೆ ಹೋಗುವ ದಾರಿಯಿಂದ ಒಳಗೆ ಎರಡು ಹೊಲ ದಾಟಿದರೆ, ಬದುವಿನ ಮೇಲೆ ಒಂದು ಮುದಿ ಮಾವಿನ ಮರ. ಮೇ ತಿಂಗಳು. ಹೊತ್ತು ಇಳಿದಿದ್ದರೂ ಬಿಸಿಲು ಇಳಿದಿಲ್ಲ. ಮರದಡಿ ಕಡಿದು ಹಾಕಿದ ಬದನಿಕೆಯ ರಾಶಿ. ಅದರ ಮುಂದೆ ಕೂತವರು ಇಬ್ಬರು: ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆದು ನಿವೃತ್ತರಾದ ಕಾಕಾ, ಕಲಬುರಗಿಯಲ್ಲಿ ಸಸ್ಯಶಾಸ್ತ್ರ ಓದುತ್ತಿರುವ ಅವರ ಅಣ್ಣನ ಮಗಳು.

ಕಾಕಾ: ಯವ್ವಾ, ಆ ಕಸದಾಗ ಏನು ಹುಡುಕಾಕತ್ತೀ? ಕಾಯಿ ಇಳಿಸಿದ ಮ್ಯಾಲ ಆಳಿಗೆ ಕೂಲಿ ಕೊಟ್ಟು ಬದನಿಕಿ ಕಡಿಸೀನಿ. ನೀ ಮತ್ತ ಆರಿಸಿ ಮನಿಗೆ ಒಯ್ಯಬ್ಯಾಡ.

ಮಗಳು: ಬದನಿಕಿ ನನಗ್ಯಾಕ ಕಾಕಾ? ಅದರ ಜೋಡಿ ಇದನ್ನೂ ಕಡದು ಒಗದಾರ ನೋಡ್ರಿ. ಇದಕ್ಕ ಯಾಕ ಶಿಕ್ಷಾ?

ಕಾಕಾ: ಅದೂ ಅದೇ ಜಾತಿ. ಗಿಡದ ಮ್ಯಾಲ ಕುಂತದ್ದೆಲ್ಲಾ ಬದನಿಕಿನೇ.

ಮಗಳು: ನಿಮ್ಮ ಮನಿ ಕಟ್ಟಿ ಮ್ಯಾಲ ಕುಂತವರೆಲ್ಲಾ ನಿಮ್ಮ ಮನ್ಯಾಗ ಉಣ್ತಾರೇನು?

ಕಾಕಾ: ಕೆಲವರು ಉಣ್ತಾರ.

ಮಗಳು: ಇದು ಉಣ್ಣೂದಿಲ್ಲ. ಎರಡನ್ನೂ ಬಾಜೂಕ ಬಾಜೂಕ ಇಡ್ತೀನಿ, ನೀವೇ ನೋಡ್ರಿ. ಈ ಬದನಿಕಿ ಕೊಂಬಿ ಬುಡದಾಗ ಗಂಟು ಕಟ್ಯಾದ. ಎಲ್ಲಿ ಮಾವು ಮುಗೀತು, ಎಲ್ಲಿ ಬದನಿಕಿ ಸುರು ಆತು ಅಂತ ಬಿಡಿಸಾಕ ಬರೂದಿಲ್ಲ. ಹಕ್ಕಿ ಇದರ ಹಣ್ಣು ತಿಂದು ಅಂಟುಬೀಜನ ಕೊಂಬಿಗೆ ಒರಸ್ತದ. ಬೀಜ ಮೊಳೆತು ತೊಗಟಿ ಒಳಗ ಬೇರು ನೆಡ್ತದ, ಮಾವಿನ ನೀರು-ಉಪ್ಪು ಕುಡೀತದ. ಇದನ್ನ ಕಡಿಸಿದ್ದಕ್ಕ ನನ್ನ ತಕರಾರಿಲ್ಲ. ಈಗ ಇದನ್ನ ನೋಡ್ರಿ. ಹಗ್ಗದಂಗ ದಪ್ಪ ಬೇರು, ಬೂದಿ ಬಳದಂಗ ಬಣ್ಣ. ತೊಗಟಿ ಮ್ಯಾಲ ಹರದಾಡಿ ಗಟ್ಟಿ ಹಿಡಕೊಂಡಾದ, ಒಳಗ ಒಂದು ಎಳಿನೂ ಇಳದಿಲ್ಲ. ಅರ್ಧ ಬೇರು ಗಾಳ್ಯಾಗ ಜೋತಾಡ್ತಾವ. ಆ ತಂಬಿಗಿ ಇತ್ತಾಗ ಕೊಡ್ರಿ.

ಕಾಕಾ: ಕುಡಿಯೋ ನೀರು ಅದು!

ಮಗಳು: ನಾಕೇ ಹನಿ. ಹಾಂ, ಈಗ ನೋಡ್ರಿ.

ಕಾಕಾ: ಅಲಲಾ! ಬೆಳ್ಳಗಿದ್ದ ಬೇರು ಹಸರಾತು.

ಮಗಳು: ಮ್ಯಾಲಿನ ಬಿಳಿ ಪದರು ಸತ್ತ ಕೋಶಗಳದ್ದು, ಸ್ಪಂಜಿನಂಗ. ಮಳಿ ಹನಿ, ಇಬ್ಬನಿ, ತೊಗಟಿ ಮ್ಯಾಲಿಂದ ಹರದು ಬರೋ ನೀರು, ಸಿಕ್ಕಷ್ಟು ಹೀರ್ತದ. ನೀರು ತುಂಬಿದ ಕೂಡಲೇ ಗಾಜಿನಂಗ ಆಗಿ ಒಳಗಿನ ಹಸರು ಕಾಣ್ತದ. ಮಾವಿನ ಗಿಡ ಇದಕ್ಕ ಕೂಡೂ ಜಾಗ ಅಷ್ಟೇ. ಅನ್ನ ಇದರದು ಇದೇ ಮಾಡ್ಕೋತದ. ಅದೂ ನಮ್ಮ ಕಡಿ ಬಿಸಲಾಗ ಹೆಂಗ ಅಂತೀರಿ? ಹಗಲೊತ್ತು ಎಲಿ ಬಾಯಿ ತೆರದ್ರ ಇದ್ದ ನೀರೂ ಹಾರಿ ಹೋಗ್ತದ. ಅದಕ್ಕ ಇದು ರಾತ್ರಿ ಗಾಳಿ ಒಳಗ ತಗೊಂಡು, ಹುಳಿ ಮಾಡಿ ಇಟ್ಕೊಂಡು, ಹಗಲು ಬಾಗಿಲು ಮುಚ್ಚಿ ಅಡಿಗಿ ಮಾಡ್ತದ. ಎಲಿ ತೊಗಲಿನಂಗ ದಪ್ಪ ಇರೂದೂ ಅದಕ್ಕೇ. ತುದಿ ನೋಡ್ರಿ, ಇಲಿ ಕಡದಂಗ ಹರಕ ಹರಕ. ಅದು ಇದರ ಗುರುತು.

ಕಾಕಾ: ಆತು, ಬದನಿಕಿ ಅಲ್ಲ ಅಂತ ಒಪ್ಪಿದೆ. ಇದರ ಹೆಸರೇನು?

ಮಗಳು: ಆರ್ಕಿಡ್ ಇದು. ಹೆಸರು ವಾಂಡಾ ಟೆಸೆಲೇಟಾ. ವಾಂಡಾ ಅನ್ನೂದು ಸಂಸ್ಕೃತದ ‘ವಂದಾ’.

ಕಾಕಾ: ವಂದಾ ಅಂದ್ರ?

ಮಗಳು: ಅಂದ್ರ... ಬದನಿಕಿ.

ಕಾಕಾ: (ಜೋರಾಗಿ ನಕ್ಕು) ಕೇಸು ಖಾರಿಜ್! ನಿನ್ನ ಸಾಕ್ಷಿನೇ ನನ್ನ ಕಡೆ ನಿಂತಾದ.

ಮಗಳು: ನಗಬ್ಯಾಡ್ರಿ, ಪೂರಾ ಕೇಳ್ರಿ. ನಮ್ಮ ಮಾತಿನ್ಯಾಗೂ ಬದನಿಕಿಗೆ ಬಂದನಿಕೆ, ಬಂದಳಿಕೆ ಅಂತ ಅಂತಾರ. ಅಮರಕೋಶದಾಗ ಒಂದೇ ಕಡೆ ನಾಕು ಹೆಸರು ಅವ: ವಂದಾ, ವೃಕ್ಷಾದನಿ, ವೃಕ್ಷರುಹಾ, ಜೀವಂತಿಕಾ. ನಡುವಿನ ಎರಡು ತಗೋರಿ. ವೃಕ್ಷಾದನಿ ಅಂದ್ರ ಮರ ತಿನ್ನೂದು. ವೃಕ್ಷರುಹಾ ಅಂದ್ರ ಮರದ ಮ್ಯಾಲ ಬೆಳಿಯೂದು. ನೀವು ಸರ್ವೇದವರು, ನೀವೇ ಹೇಳ್ರಿ. ಇವು ಒಂದೇ ಹಿಸ್ಸಾನೋ, ಎರಡೋ?

ಕಾಕಾ: ತಿನ್ನೂದು ಬ್ಯಾರೆ, ಕೂಡೂದು ಬ್ಯಾರೆ. ಎರಡಾಗಬೇಕು. ಪೋಡಿ ಮಾಡದೇ ಬಿಟ್ಟಾನ ಆ ಮನಷ್ಯಾ.

ಮಗಳು: ಅವ ಕವಿಗಳಿಗೆ ಪದ ಒದಗಸಾಕ ಬರದವ. ಅವಗ ಪೋಡಿ ಬೇಕಿದ್ದಿಲ್ಲ. ಎಡವಟ್ಟಾದದ್ದು ಕಲ್ಕತ್ತಾದಾಗ. ಅಲ್ಲಿ ಸುಪ್ರೀಂ ಕೋರ್ಟಿನ್ಯಾಗ ಸರ್ ವಿಲಿಯಂ ಜೋನ್ಸ್ ಅಂತ ಜಡ್ಜ್ ಇದ್ದ. 1784ರಾಗ ಏಷ್ಯಾಟಿಕ್ ಸೊಸೈಟಿ ಸುರು ಮಾಡಿದವ ಅವನೇ. ಈ ದೇಶದ ಗಿಡಕ್ಕ ಈ ದೇಶದ ಹೆಸರೇ ಇರಬೇಕು, ಲ್ಯಾಟಿನ್ ತಂದು ಹೇರಬಾರದು ಅಂತ ಅವನ ಹಠ. ಆ ಹಠ ನನಗ ಭಾಳ ಸೇರ್ತದ. 1794ರಾಗ ತೀರಿಕೊಂಡ. ಮರುವರ್ಷ ಸೊಸೈಟಿ ಸಂಪುಟದಾಗ ಅವನ ಗಿಡಗಳ ಟಿಪ್ಪಣಿ ಅಚ್ಚಾದ್ವು. ಅದರಾಗ ಆರ್ಕಿಡ್ಡಿಗೆ ‘ವಂದಾ’ ಅಂತ ಹೆಸರು ಬಿತ್ತು.

ಕಾಕಾ: ಪಂಚನಾಮಾ ಸರಿ ಮಾಡಿ ಆರೋಪಿ ಹೆಸರು ತಪ್ಪು ಬರದ್ರು ಜಡ್ಜ್ ಸಾಹೇಬರು!

ಮಗಳು: ಹಂಗೇ ಅನ್ನಿ. ತಮಾಷಿ ಏನಂದ್ರ, ಅದೇ 1795ರಾಗ ಲಂಡನ್ನಿನ್ಯಾಗ ಇದಕ್ಕೇ ಇನ್ನೊಂದು ಖಾತಿ ತೆರದ್ರು. ವಿಲಿಯಂ ರಾಕ್ಸ್‌ಬರ್ಗ್ ಅಂತ ಕಂಪನಿ ಡಾಕ್ಟರು. ಕಾಕಿನಾಡದ ಹತ್ರ ಸಾಮಲಕೋಟದಾಗ ವರ್ಷಾನುಗಟ್ಟಲೆ ಇದ್ದು, ಅಲ್ಲಿಯ ಗಿಡ ಕೂಡಿಸಿ, ಊರಿನ ಚಿತ್ರಗಾರರಿಂದ ಚಿತ್ರ ಬರಿಸಿದ. ಆಮ್ಯಾಲ ಕಲ್ಕತ್ತಾ ತೋಟದ ಮುಖ್ಯಸ್ಥ ಆದ. ಅವನ ಕೋರಮಂಡಲ ತೀರದ ಸಸ್ಯಗಳ ಪುಸ್ತಕ ಮೂರು ಸಂಪುಟ, 300 ಚಿತ್ರ. ಮೊದಲನೇ ಸಂಪುಟದ 42ನೇ ಚಿತ್ರ ಈ ನಿಮ್ಮ ಮಾವಿನ ಗಿಡದ ಬಿಡಾರದ್ದು. ಅವ ಇಟ್ಟ ಹೆಸರು ಎಪಿಡೆಂಡ್ರಮ್ ಟೆಸೆಲೇಟಮ್. ಚಿತ್ರ ಬರದ ತೆಲುಗರ ಕೈ ಎಷ್ಟು ಚಂದ ಅದ ಅಂದ್ರ, ಇವತ್ತೂ ಅದನ್ನ ನೋಡಿ ಗಿಡ ಗುರುತಿಸಬಹುದು. ಅವರ ಹೆಸರು ಮಾತ್ರ ಅದರಾಗಿಲ್ಲ.

ಕಾಕಾ: ಸರಪಳಿ ಎಳದವರ ಹೆಸರು ನಕ್ಷೆದಾಗ ಎಲ್ಲಿ ಬರ್ತದ ಯವ್ವಾ? ಇರಲಿ. ಆ ಎಪಿ ಏನೋ ಅಂದಿಯಲ್ಲ, ಅದರ ಅರ್ಥ?

ಮಗಳು: ಗ್ರೀಕ್ ಮಾತು. ಎಪಿ ಅಂದ್ರ ಮ್ಯಾಲ, ಡೆಂಡ್ರಾನ್ ಅಂದ್ರ ಮರ.

ಕಾಕಾ: ಮರದ ಮ್ಯಾಲ... ಏ, ಅದು ವೃಕ್ಷರುಹಾನೇ ಆತಲ್ಲ!

ಮಗಳು: ಅದೇ ಮತ್ತ! ಸಾಮಲಕೋಟದ ಡಾಕ್ಟರು ಅಮರನ ಒಂದು ಹೆಸರಿನ ಅರ್ಥ ಹಿಡದ, ಕಲ್ಕತ್ತಾದ ಜಡ್ಜು ಅದೇ ಅಮರನ ಇನ್ನೊಂದು ಹೆಸರು ಹಿಡದ. ಡಾಕ್ಟರದ್ದು ಗಿಡಕ್ಕ ಒಪ್ಪೋ ಹೆಸರು. ಆದ್ರ ಉಳದದ್ದು ಜಡ್ಜಿಂದು.

ಕಾಕಾ: ಯಾಕ? ಒಪ್ಪೋದು ಇರೂವಾಗ?

ಮಗಳು: ಎಪಿಡೆಂಡ್ರಮ್ ಅಂದ್ರ ಆಗ ನಮ್ಮ ಗಾಯರಾಣ ಇದ್ದಂಗ. ಸ್ವೀಡನ್ನಿನ ಲಿನೇಯಸ್ 1753ರಾಗ ತನ್ನ ದೊಡ್ಡ ಪುಸ್ತಕ ತಂದಾಗ, ಮರದ ಮ್ಯಾಲಿನ ಆರ್ಕಿಡ್ ಏನೇ ಬರಲಿ, ಅದರಾಗೇ ಹೊಡದ. ಅಮೆರಿಕಾದ್ದೂ ಅಲ್ಲೇ, ಮಲಬಾರಿಂದೂ ಅಲ್ಲೇ. ಎಷ್ಟೋ ಗಿಡ ಅವ ಕಣ್ಣಿಂದ ನೋಡಿದ್ದಿಲ್ಲ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ ಹೋರ್ಟಸ್ ಮಲಬಾರಿಕಸ್ ಅಂತ 12 ಸಂಪುಟದ ಪುಸ್ತಕ ಇತ್ತು. ಇಟ್ಟಿ ಅಚ್ಯುತನ್ ಅನ್ನೋ ವೈದ್ಯ, ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಅನ್ನೋ ಕೊಂಕಣಿ ಪಂಡಿತರು ಕೂಡಿ ತಯಾರಾದದ್ದು. ಅದರಾಗಿನ ಚಿತ್ರ ನೋಡಿಯೇ ಲಿನೇಯಸ್ ಖಾತಿ ತೆರದ. ಮಲೆನಾಡಿನ್ಯಾಗ ಸೀತಾಳೆ ದಂಡೆ ಅಂತಾರಲ್ಲ, ಗುಲಾಬಿ ಹೂವಿನ ಬಾಲ ಜೋತಾಡ್ತದ, ಅದಕ್ಕೂ ಹೆಸರು ಹಿಂಗೇ ಬಿತ್ತು.

ಕಾಕಾ: ಸ್ಥಳ ತನಿಖಿ ಮಾಡದೇ ಆಫೀಸಿನ್ಯಾಗ ಕುಂತು ಪಂಚನಾಮಾ. ನಮ್ಮಲ್ಲೂ ಇದ್ರು ಅಂಥಾ ಮಂದಿ.

ಮಗಳು: ಹೆಸರಿಡೋರಿಗೆ 1753ರ ಮೇ 1ನೇ ತಾರೀಖೇ ಗಡಿ. ಅದರ ಹಿಂದಿಂದು ಯಾವ ಹೆಸರೂ ನಡಿಯೂದಿಲ್ಲ.

ಕಾಕಾ: ನಿಜಾಮರ ಕಾಲದ ಸೇತ್ವಾರ್ ದಾಖಲೆ ಇದ್ದಂಗ. ಅದಕ್ಕಿಂತ ಹಿಂದಿನ ತಾಮ್ರಪಟ ತಂದ್ರೂ ನಮ್ಮ ಆಫೀಸಿನ್ಯಾಗ ಕೇಳೋರಿಲ್ಲ. ಮುಂದ?

ಮಗಳು: ಮುಂದ ಗಾಯರಾಣ ಪೋಡಿ ಆಗಬೇಕಾತು. ಅಮೆರಿಕಾದ ಗಿಡದ ಹೂವು ಬ್ಯಾರೆ, ನಮ್ಮದು ಬ್ಯಾರೆ. ಎಪಿಡೆಂಡ್ರಮ್ ಅನ್ನೋ ಹೆಸರು ಕಡೀಕ ಅಮೆರಿಕಾದ ಗಿಡಗಳಿಗೇ ಉಳೀತು. ನಮ್ಮದನ್ನ 1820ರಾಗ ರಾಬರ್ಟ್ ಬ್ರೌನ್ ಬ್ಯಾರೆ ಮಾಡಿ, ಸತ್ತ ಜೋನ್ಸ್ ಸಾಹೇಬನ ವಾಂಡಾ ಹೆಸರನ್ನ ಶಾಸ್ತ್ರಬದ್ಧವಾಗಿ ಪ್ರಕಟಿಸಿದ. ಯಾವುದರಾಗ ಗೊತ್ತೇನು? ಬೊಟಾನಿಕಲ್ ರಿಜಿಸ್ಟರ್ ಅನ್ನೋ ಪತ್ರಿಕ್ಯಾಗ.

ಕಾಕಾ: ರಿಜಿಸ್ಟರ್ ಅಂತನೇ ಹೆಸರು? ಬರೋಬ್ಬರಿ ಆತು.

ಮಗಳು: ಆದ್ರ ಒಂದು ಕಿತಾಪತಿ ಮಾಡಿದ. ರಾಕ್ಸ್‌ಬರ್ಗ್ ಮ್ಯಾಲಿನ ಗೌರವಕ್ಕ ಹೆಸರಿನ ಎರಡನೇ ಭಾಗ ಬದಲಿ ಮಾಡಿ ವಾಂಡಾ ರಾಕ್ಸ್‌ಬರ್ಗೀ ಅಂದ.

ಕಾಕಾ: ಅದ್ಹೆಂಗ ಆಗ್ತದ? ಟೆಸೆಲೇಟಮ್ ಅಂತ ಮೊದಲೇ ನಮೂದಾಗ್ಯಾದ. ಗೌರವ ಇದ್ರ ಶಾಲು ಹೊದಿಸಬೇಕು, ಖಾತಿ ಬದಲಸಬಾರದು.

ಮಗಳು: ಈಗಿನ ನಿಯಮನೂ ಅದೇ ಹೇಳ್ತದ. ಯಾವ ವಿಶೇಷಣ ಮೊದಲು ಬಂತೋ, ಗಿಡ ಯಾವ ಕುಲಕ್ಕ ಹೋದ್ರೂ ಅದೇ ಹಿಂದಿಂದ ಹೋಗಬೇಕು. 1830ರಾಗ ಬ್ರಿಟನ್ನಿನ ಗಿಡಗಳ ಯಾದಿಯಾಗ ಜಾರ್ಜ್ ಡಾನ್ ಅನ್ನೋನು ವಾಂಡಾ ಟೆಸೆಲೇಟಾ ಅಂತ ಸರಿ ಮಾಡಿದ. ಹಂಗಂತ ಎಲ್ಲರೂ ಕೇಳಿದ್ರೇನು? 1890ರ ಬ್ರಿಟಿಷ್ ಇಂಡಿಯಾದ ಸಸ್ಯಕೋಶದಾಗೂ ರಾಕ್ಸ್‌ಬರ್ಗೀ ಅಂತನೇ ಇತ್ತು. ಆಯುರ್ವೇದದ ಪುಸ್ತಕದಾಗ ಇವತ್ತೂ ಕಾಣ್ತದ. ಈಗ ಪೂರಾ ಹೆಸರು ಬರೀಬೇಕಂದ್ರ ಹಿಂಗ: ವಾಂಡಾ ಟೆಸೆಲೇಟಾ, ಕಂಸದಾಗ ರಾಕ್ಸ್‌ಬರ್ಗ್, ಕಂಸದ ಹೊರಗ ಹೂಕರ್ ಎಕ್ಸ್ ಜಿ. ಡಾನ್.

ಕಾಕಾ: ತಡಿ, ನಾ ಹೇಳ್ತೀನಿ. ಕಂಸದ ಒಳಗಿನವ ಮೊದಲಿನ ಖಾತೆದಾರ. ಹೊರಗಿನವ ಈಗಿಂದು ಬದಲಿ ಮಾಡಿದವ. ಈ ‘ಎಕ್ಸ್’ ಏನು?

ಮಗಳು: ಹೂಕರ್ ಹೆಸರು ಸೂಚಿಸಿದ, ಪ್ರಕಟ ಮಾಡಿದವ ಡಾನ್.

ಕಾಕಾ: ಒಬ್ಬಂದು ಬಾಯಿಮಾತು, ಇನ್ನೊಬ್ಬಂದು ನೋಂದಣಿ. ತಾರೀಖು ನೋಂದಣಿದೇ ಹಿಡೀಬೇಕು. ಉಳದ ಹೆಸರೆಲ್ಲಾ ಏನು ಮಾಡ್ತೀರಿ, ರಬ್ಬರಿನಿಂದ ಅಳಸ್ತೀರೇನು?

ಮಗಳು: ಇಲ್ಲ. ಪರ್ಯಾಯ ನಾಮ ಅಂತ ಕೆಳಗ ಬರದು ಇಡ್ತೀವಿ. ಎಪಿಡೆಂಡ್ರಮ್ ಟೆಸೆಲೇಟಮ್, ವಾಂಡಾ ರಾಕ್ಸ್‌ಬರ್ಗೀ, ಎಲ್ಲಾ ಇರ್ತಾವ.

ಕಾಕಾ: ಉರ್ಫ್!

ಮಗಳು: ಏನಂದ್ರಿ?

ಕಾಕಾ: ಉರ್ಫ್ ಯವ್ವಾ, ಉರ್ಫ್. ನಮ್ಮ ಹಳೇ ಉರ್ದು ಕಾಗದದಾಗ ಒಬ್ಬೊಬ್ಬಗ ಎರಡೆರಡು ಹೆಸರು: ಭೀಮಪ್ಪ ಉರ್ಫ್ ಸಣ್ಣ ಹಣಮಂತ. ನಡುವಿನ ಆ ಒಂದು ಶಬ್ದ ಹಾಳಿ ಹರದು ಹೋಗ್ಯಾದಂದ್ರ ಇಬ್ಬರು ಮನಷ್ಯಾರು ಹುಟ್ಟಿ, ಎರಡು ಮನಿತನ ಕೋರ್ಟಿಗೆ ಹತ್ತಿದ್ದು ನಾ ನೋಡೀನಿ. ಊರಿನ ಹೆಸರೂ ಹಂಗೇ. ನಾವು ಸುರಪುರ ಅಂತೀವಿ, ಅಲ್ಲಿ ಇದ್ದ ಮೆಡೋಸ್ ಟೇಲರ್ ಸಾಹೇಬ ಶೋರಾಪುರ ಅಂತ ಬರದ. ವಿಧಾನಸಭಾ ಕ್ಷೇತ್ರದ ಕಾಗದದಾಗ ಇವತ್ತೂ ಶೋರಾಪುರನೇ. ಗುಲಬರ್ಗಾ 2014ರ ನವೆಂಬರ್ 1ಕ್ಕ ಕಲಬುರಗಿ ಆತು. ನೀ ಓದೂದು ಮಾತ್ರ...

ಮಗಳು: ಗುಲಬರ್ಗಾ ವಿಶ್ವವಿದ್ಯಾಲಯದಾಗೇ. ಇನ್ನೂ ಬದಲಿ ಆಗಿಲ್ಲ.

ಕಾಕಾ: ಹಂಗಾರ ಒಂದು ಕೇಳ್ತೀನಿ. ಊರಿನ ಹೆಸರು ಬದಲಿ ಆದ್ರ ಊರು ಇದ್ದಲ್ಲೇ ಇರ್ತದ. ನೀವು ಗಿಡದ ಹೆಸರು ಬದಲಿ ಮಾಡಿದ್ರ ಬರೇ ಕಾಗದದ ಮಾತೋ, ಮತ್ತೇನರೆ ಬದಲಿ ಆಗ್ತದೋ?

ಮಗಳು: ಎರಡು ನಮೂನಿ ಅದ ಕಾಕಾ. ಒಂದು ಈಗ ಹೇಳಿದ್ದು, ಯಾವ ಹೆಸರು ಮೊದಲು ಬಂತು ಅನ್ನೋ ಕಾಗದದ ಜಗಳ. ಇನ್ನೊಂದು ಸಂಬಂಧದ ಜಗಳ. ಇದು ಯಾರ ಅಣ್ಣ-ತಮ್ಮ, ಯಾವ ಮನಿತನ ಅಂತ. ಸಿಂಗಾಪುರದವರು 1981ರಾಗ ಒಂದು ಆರ್ಕಿಡ್ಡನ್ನ ರಾಷ್ಟ್ರಪುಷ್ಪ ಮಾಡಿದ್ರು, ವಾಂಡಾ ಮಿಸ್ ಜೋಕಿಮ್ ಅಂತ. ಅದರ ಅಪ್ಪ-ಅವ್ವ ವಾಂಡಾ ಮನಿತನದವರಲ್ಲ, ಎಲಿ ಕೋಲಿನಂಗ ದುಂಡಗಿರೋ ಪಾಪಿಲಿಯೋನಾಂತೆ ಅನ್ನೋ ಮನಿತನದವರು ಅಂತ ಶಾಸ್ತ್ರದವರು ಬ್ಯಾರೆ ಮಾಡಿದ್ರು. ಸಿಂಗಾಪುರದ ಮಂದಿ ಈಗೂ ವಾಂಡಾ ಅಂತನೇ ಕರೀತಾರ. ಇನ್ನೊಂದು ಕಡೆ, 2012ರಾಗ ಡಿ.ಎನ್.ಎ. ನೋಡಿ ಬಾಜೂಕಿನ ಎರಡು-ಮೂರು ಸಣ್ಣ ಕುಲಗಳನ್ನ ವಾಂಡಾದಾಗ ಕೂಡಿಸಿದ್ರು. ಇದು ಹೆಸರು ತಿದ್ದುಪಡಿ ಅಲ್ಲ, ಹೊಲಾನೇ ಮತ್ತ ಅಳದದ್ದು.

ಕಾಕಾ: ಹಂಗಾರ ನಾಳೆ ಈ ನಮ್ಮ ಗಿಡನೂ ವಾಂಡಾದಿಂದ ಹೊರಗ ಹಾಕಬಹುದು.

ಮಗಳು: ಆಗಂಗಿಲ್ಲ. ಅದೇ ಮಜಾ. ಒಂದು ಕುಲ ಅಂದ ಮ್ಯಾಲ ಅದಕ್ಕೊಂದು ಮಾದರಿ ಪ್ರಭೇದ ಇರ್ತದ. ಹೆಸರು ಅದಕ್ಕ ಕಟ್ಟಿರ್ತದ. ವಾಂಡಾ ಅನ್ನೋ ಹೆಸರು ಕಟ್ಟಿದ್ದು ಇದಕ್ಕೇ. ಹಿಮಾಲಯದ ನೀಲಿ ವಾಂಡಾ ಇರಲಿ, ಥಾಯ್ಲೆಂಡಿನ ನರ್ಸರ್ಯಾಗ ಸಾವಿರಾರು ರೂಪಾಯಿಗೆ ಮಾರೋ ಅಂಗೈ ಅಗಲದ ಹೂವು ಇರಲಿ, ಅವೆಲ್ಲಾ ವಾಂಡಾ ಹೌದೋ ಅಲ್ಲೋ ಅಂತ ಇದರ ಜೋಡಿ ಅಳದು ಹೇಳಬೇಕು. ಅವು ಬರಬಹುದು, ಹೋಗಬಹುದು. ಇದು ಇದ್ದಲ್ಲೇ ವಾಂಡಾ.

ಕಾಕಾ: (ಕಡಿದ ಗಿಡವನ್ನು ಕೈಗೆ ತಗೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು) ಬಾಂದಕಲ್ಲು.

ಮಗಳು: ಹೂಂ, ಬಾಂದಕಲ್ಲು.

ಕಾಕಾ: ಬಾಂದಕಲ್ಲು ಕಿತ್ತವಗ ದಂಡ ಅದ, ಗೊತ್ತೇನು? ನಾ ಕೂಲಿ ಕೊಟ್ಟು ಕೀಳಿಸೀನಿ.

ಮಗಳು: ಬೇರು ಅದಾವ, ಬದುಕ್ತದ. ಆಮ್ಯಾಲ ಕಟ್ಟೋಣಂತ. ಮೊದಲು ಈ ಹೂವು ನೋಡ್ರಿ, ಟೆಸೆಲೇಟಾ ಅನ್ನೂದು ಇದರ ಮ್ಯಾಲೇ ಬರದಾದ. ಟೆಸೆಲ್ಲಾ ಅಂದ್ರ ನೆಲಕ್ಕ ಹಾಸೋ ಸಣ್ಣ ಚೌಕ ಕಲ್ಲು. ಹಳದಿ-ಹಸರು ಎಸಳಿನ ಮ್ಯಾಲ ಕಂದು ಗೆರಿ ಅಡ್ಡ-ಉದ್ದ ಹಾದು ಚೌಕ ಚೌಕ ಆಗ್ಯಾವ.

ಕಾಕಾ: ನಿಮ್ಮ ಕಾಕಿ ಹತ್ರ ಇಳಕಲ್ ಸೀರಿ ಇತ್ತು, ಚೌಕಡಿದು. ಬರೋಬ್ಬರಿ ಹಿಂಗೇ. ನಡುವ ಈ ನೀಲಿ ನಾಲಗಿ ಏನು?

ಮಗಳು: ತುಟಿ ಅಂತಾರ. ಮೂರು ಎಸಳಿನ್ಯಾಗ ಒಂದು ಹಿಂಗ ಆಗ್ಯಾದ, ಹುಳ ಬಂದು ಕೂಡಾಕ ಕಟ್ಟಿ. ಮೊಗ್ಗಿದ್ದಾಗ ಇದು ಮ್ಯಾಲ ಇರ್ತದ. ಅರಳೋವಾಗ ಹೂವಿನ ದೇಟು ಅರ್ಧ ಸುತ್ತು ತಿರುವಿ ಕೆಳಗ ತರ್ತದ. ಬ್ಯಾರೆ ಹೂವಿನ್ಯಾಗ ಗಂಡು-ಹೆಣ್ಣು ಭಾಗ ಬ್ಯಾರೆ ಬ್ಯಾರೆ ಕಾಣ್ತಾವ. ಇಲ್ಲಿ ಎರಡೂ ಕೂಡಿ ಈ ಒಂದೇ ಕಂಬ. ಆರ್ಕಿಡ್ ಅಂತ ಗುರುತಿಸೂದೇ ಈ ಕಂಬದಿಂದ. ಸೂಜಿ ಅದ ಏನು? ಬ್ಯಾಡ, ಈ ಜಾಲಿಮುಳ್ಳು ಸಾಕು. ಕಂಬದ ತುದಿಗೆ ಹಿಂಗ ಮುಟ್ಟಿಸಿ ಎಳದ್ರ... ನೋಡ್ರಿ.

ಕಾಕಾ: ಎರಡು ಹಳದಿ ಗುಂಡು ಮುಳ್ಳಿಗೆ ಹತ್ತಿ ಬಂದ್ವು!

ಮಗಳು: ಪರಾಗ ಪುಡಿ ಪುಡಿ ಇಲ್ಲ, ಗಂಟು ಕಟ್ಟಿ ಇಟ್ಟಾದ. ಕೆಳಗ ಅಂಟು. ಹುಳ ತಲಿ ಹಾಕಿದ್ರ ಹಣಿಗೆ ಅಂಟಿಕೊಂಡು ಮುಂದಿನ ಹೂವಿಗೆ ಹೋಗ್ತದ.

ಕಾಕಾ: ಬಾಸಿಂಗ ಕಟ್ಟಿ ಕಳಿಸಿದಂಗ.

ಮಗಳು: ಡಾರ್ವಿನ್ 1862ರಾಗ ಈ ಬಾಸಿಂಗದ ಮ್ಯಾಲೇ ಒಂದು ಪುಸ್ತಕ ಬರದ. ಆಮ್ಯಾಲ ಕಾಯಿ ಕಟ್ತದ. ಒಂದು ಕಾಯಾಗ ಧೂಳಿನಂಥ ಬೀಜ, ಎಣಿಸಾಕ ಆಗದಷ್ಟು. ಆ ಬೀಜದಾಗ ಬುತ್ತಿ ಇಲ್ಲ. ತೊಗಟಿ ಮ್ಯಾಲ ಒಂದು ಜಾತಿ ಶಿಲೀಂಧ್ರ ಸಿಕ್ಕು, ಅದು ಉಣಿಸಿದ್ರ ಮಾತ್ರ ಮೊಳೀತದ. ಇಲ್ಲಾಂದ್ರ ಇಲ್ಲ. ಈ ಒಳಗಿನ ಸಂಗತಿ, ಆರ್ಕಿಡ್ ಭ್ರೂಣ ಹೆಂಗ ಬೆಳೀತದ ಅನ್ನೂದನ್ನ ಸೂಕ್ಷ್ಮದರ್ಶಕದಾಗ ವರ್ಷಗಟ್ಟಲೆ ನೋಡಿ ಬರದವರು ಯಾರು ಗೊತ್ತೇನು? ನಿಮ್ಮ ಕಪಾಟಿನ್ಯಾಗ ‘ಹಸುರು ಹೊನ್ನು’ ಅದಲ್ಲ, ಅದನ್ನ ಬರದ ಬಿ.ಜಿ.ಎಲ್. ಸ್ವಾಮಿ.

ಕಾಕಾ: ಡಿ.ವಿ.ಜಿ.ಯವರ ಮಗ! ನಾ ಅದನ್ನ ನಗಾಕ ಓದ್ತೀನಿ. ಆರ್ಕಿಡ್ ತಜ್ಞರಂತ ಗೊತ್ತೇ ಇದ್ದಿಲ್ಲ.

ಮಗಳು: ನಮ್ಮ ವಿಭಾಗದಾಗ ಉಲ್ಟಾ. ಅವರ ಪ್ರಬಂಧ ಓದಿದವರು ಅದಾರ, ‘ಹಸುರು ಹೊನ್ನು’ ಓದಿದವರು ಕಮ್ಮಿ.

ಕಾಕಾ: ಇರಲಿ, ಈ ಹೆಸರಿನ ಗದ್ದಲದಿಂದ ನನ್ನಂಥವಗ ಏನು ಹೋಗ್ತದ, ಏನು ಬರ್ತದ? ಮಣಕಾಲು ನೋವಂತೂ ಹೋಗಂಗಿಲ್ಲ.

ಮಗಳು: ಮಣಕಾಲಿಗೆ ಏನು ತಗೋತೀರಿ?

ಕಾಕಾ: ಮಹಾರಾಸ್ನಾದಿ ಕಷಾಯ. ದಿನಾ ಎರಡು ಹೊತ್ತು.

ಮಗಳು: ಹಂಗಾರ ಗದ್ದಲ ನಿಮ್ಮ ಹೊಟ್ಟ್ಯಾಗೇ ಅದ. ರಾಸ್ನಾ ಅಂದ್ರ ಯಾವ ಗಿಡ? ಉತ್ತರದಾಗ ಪ್ಲೂಚಿಯಾ ಅನ್ನೋ ಗಿಡ. ಸರ್ಕಾರದ ಆಯುರ್ವೇದ ಔಷಧಕೋಶ ಒಪ್ಪಿದ್ದೂ ಅದನ್ನೇ, ಅದರ ಎಲಿ. ದಕ್ಷಿಣದಾಗ ದುಂಪರಾಸ್ಮಿ, ಅದು ಶುಂಠಿ ಜಾತಿ ಗಡ್ಡಿ. ಬಂಗಾಲದ ಕಡೆ ರಾಸ್ನಾ ಅಂತ ಈ ವಾಂಡಾದ ಬೇರೇ ಹಾಕ್ತಾರ.

ಕಾಕಾ: ಒಂದೇ ಹೆಸರಿನ್ಯಾಗ ಮೂರು ಖಾತೆದಾರರು! ನಾ ಕುಡಿಯೂದು ಯಾವುದು?

ಮಗಳು: ಸೀಸೆ ಮ್ಯಾಲ ಸಣ್ಣ ಅಕ್ಷರದಾಗ ಲ್ಯಾಟಿನ್ ಹೆಸರು ಇರ್ತದ, ಚಷ್ಮಾ ಹಾಕೊಂಡು ಓದ್ರಿ. ನೀವು ಕಾಗದದ ಜಗಳ ಅಂದ್ರಿ. ವೈದ್ಯ ರಾಸ್ನಾ ಅಂತ ಚೀಟಿ ಬರದ್ರ ಅಂಗಡಿಯವ ಏನು ಕೊಡಬೇಕು ಅನ್ನೂದು ಆ ಕಾಗದದ ಮ್ಯಾಲೇ ನಿಂತಾದ.

ಕಾಕಾ: ಅಷ್ಟು ಖಬರ್ದಾರಿ ಇದ್ದವರು ಮತ್ತ ಬದನಿಕಿ ಅನ್ನೋ ತಪ್ಪು ಹೆಸರನ್ನ ಯಾಕ ಬಿಟ್ಟಾರ? ಒಂದು ಅರ್ಜಿ ಕೊಟ್ಟು ತಿದ್ದಿಸಬಾರದ್ಯಾಕ?

ಮಗಳು: ತಿದ್ದಾಕ ಬರೂದಿಲ್ಲ. ಹೆಸರಿನ ಅರ್ಥ ಗಿಡಕ್ಕ ಒಪ್ಪೂದಿಲ್ಲ ಅಂತ ಹೆಸರು ಕಿತ್ತು ಹಾಕಬಾರದು, ಇದು ಅಂತರರಾಷ್ಟ್ರೀಯ ನಿಯಮ. ಸಿಲ್ಲಾ ಪೆರುವಿಯಾನಾ ಅಂತ ಒಂದು ಗಿಡ ಅದ. ಹೆಸರಿನ ಅರ್ಥ ಪೆರು ದೇಶದ್ದು ಅಂತ. ಅದು ಇರೂದು ಮೆಡಿಟರೇನಿಯನ್ ಸಮುದ್ರದ ಕಡೆ. ಈಗೂ ಪೆರುವಿಯಾನಾನೇ. 2024ರಾಗ ಮ್ಯಾಡ್ರಿಡ್ಡಿನ ಸಭ್ಯಾಗ ಆಫ್ರಿಕಾದ ಮಂದಿಗೆ ಬೈಗಳ ಆಗಿದ್ದ ಒಂದು ಶಬ್ದವನ್ನ ಇನ್ನೂರಕ್ಕೂ ಹೆಚ್ಚು ಹೆಸರಿನಿಂದ ತಿದ್ದಿದ್ರು. ಅದಕ್ಕೇ ಭಾಳ ವಾದ ಆತು.

ಕಾಕಾ: ಅದು ನ್ಯಾಯ. ಮಂದಿಗೆ ಬೈದದ್ದು ತಿದ್ದಬೇಕು. ಗಿಡಕ್ಕ ಬೈದ್ರ?

ಮಗಳು: ಗಿಡಕ್ಕ ತಕರಾರು ಮಾಡಾಕ ಬಾಯಿಲ್ಲ. ನನಗೂ ಒಮ್ಮೊಮ್ಮೆ ಸಿಟ್ಟು ಬರ್ತದ. ಆದ್ರ ಅರ್ಥ ನೋಡಿ ತಿದ್ದಕೋತ ಹೋದ್ರ ನಾಳೆ ಯಾವ ಹೆಸರೂ ನಿಲ್ಲೂದಿಲ್ಲ. ನಿಮ್ಮ ಹೊಲಕ್ಕ ಕೆರಿಹೊಲ ಅಂತಾರ, ಕೆರಿ ಎಲ್ಲದ?

ಕಾಕಾ: ನಮ್ಮ ಮುತ್ಯಾನೂ ನೋಡಿಲ್ಲ ಅದನ್ನ.

ಮಗಳು: ಮತ್ತ ಪಹಣ್ಯಾಗ?

ಕಾಕಾ: ಕೆರಿಹೊಲನೇ. ಆತು ಬಿಡು. ಆದ್ರ ನನಗ ಒಂದು ಮಾತು ಚುಚ್ಚಾಕತ್ತಾದ. ಮಲೆನಾಡಿನವರಿಗೆ ಸೀತಾಳೆ ದಂಡೆ ಅಂತ ಹೆಸರದ, ಹೂವಿನ ಜೋಡಿ ಮದಿವಿ ಚಪ್ಪರದ ನೆನಪದ. ನಮ್ಮ ಮನ್ಯಾಗ ಇದಕ್ಕ ಬದನಿಕಿ ಬಿಟ್ಟು ಬ್ಯಾರೆ ಶಬ್ದ ನಾ ಕೇಳಿಲ್ಲ. ಈ ಗಿಡದ ಮ್ಯಾಲ ಇದು ನಾ ಸಣ್ಣವ ಇದ್ದಾಗಿಂದ ಅದ. ಹೂ ಬಿಟ್ಟಾಗ ವಾಸನಿ ಬರ್ತಿತ್ತು. ಮಾವಿಂದೇ ಇರಬೇಕು ಅಂದ್ಕೋತಿದ್ದೆ.

ಮಗಳು: ಮೊದಲು ಬದುವಿಗೆ ಮಾವು, ಬೇವು, ಹುಣಸಿ ಇದ್ದಾಗ ಇವಕ್ಕೂ ಜಾಗ ಇತ್ತು. ನಾರಾಯಣಪುರದ ಕಾಲುವಿ ನೀರು ಬಂದ ಮ್ಯಾಲ ನೆಲ ಮಟ್ಟ ಮಾಡಿ ಭತ್ತ ಹಚ್ಚಿದ್ರು. ಬದುವಿನ ಗಿಡ ಎಷ್ಟು ಹೋದ್ವು?

ಕಾಕಾ: ನನ್ನವೇ ಏಳು ಹೋದ್ವು. ಬದುವಿನ ಮ್ಯಾಲ ಇದೊಂದು ಉಳದದ್ದು ಗಡಿ ಗುರುತು ಅಂತ.

ಅವಳು ಚೀಲದಿಂದ ಹಳೇ ಪೇಪರು, ರಟ್ಟು ತೆಗೆದು ಒಂದು ಹೂಗೊಂಚಲು, ಎರಡು ಎಲೆ, ಒಂದು ಬೇರು ಹರಡಿ ಒತ್ತಿಟ್ಟಳು. ಉಳಿದ ಗಿಡ ಕಾಕಾನ ತೊಡೆಯ ಮೇಲೆ.

ಮಗಳು: ಈಗ ಚೀಟಿ ಬರೀಬೇಕು. ಹೆಸರಿನಕಿಂತ ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು ಅನ್ನೂದು ಮುಖ್ಯ. ಹೆಸರು ನಾಳೆ ಬದಲಿ ಆದ್ರ ಹಳೇ ಚೀಟಿ ಕಿತ್ತೂದಿಲ್ಲ, ಬಾಜೂಕ ಹೊಸ ಚೀಟಿ ಹಚ್ತಾರ. ತಿದ್ದಿದವರ ಹೆಸರು, ತಾರೀಖು ಹಾಕಿ.

ಕಾಕಾ: ಶಾಣ್ಯಾ ಪದ್ಧತಿ. ನಮ್ಮಲ್ಲಿ ಕೆಂಪು ಶಾಯಿಯಿಂದ ಹೊಡದು ಮ್ಯಾಲ ಬರೀತಿದ್ವಿ, ಕೆಳಗಿಂದು ಓದಾಕ ಬರಬೇಕು ಅಂತ. ಬರಕೋ, ನಾ ಹೇಳ್ತೀನಿ. ಮೌಜೆ ಬರದಿ? ಮುಂದ ತಾಲೂಕು ಶಹಾಪುರ, ಜಿಲ್ಲಾ ಯಾದಗಿರಿ. ನಿಮ್ಮ ವಿಶ್ವವಿದ್ಯಾಲಯದವರು ಗಿಡಗಳ ಪುಸ್ತಕ ಮಾಡ್ಯಾರ ಅಂದಿದ್ದಿಯಲ್ಲ, ಅದರಾಗ ಯಾವ ಜಿಲ್ಲಾ?

ಮಗಳು: ಅದು 2000ದಾಗ ಬಂದದ್ದು. ಹೆಸರೇ ಗುಲಬರ್ಗಾ ಜಿಲ್ಲೆಯ ಸಸ್ಯಗಳು ಅಂತ. ಯಾದಗಿರಿ ಬ್ಯಾರೆ ಜಿಲ್ಲಾ ಆದದ್ದು 2009ರ ಡಿಸೆಂಬರ್ 30ಕ್ಕ.

ಕಾಕಾ: ಹಂಗಾರ ಕಂಸದಾಗ ಗುಲಬರ್ಗಾ ಹಾಕು, ರಾಕ್ಸ್‌ಬರ್ಗ್ ಸಾಹೇಬನಂಗ. ಈಗ ಚಕ್ಕುಬಂದಿ. ಪೂರ್ವಕ್ಕ ಕಾಲುವಿ, ಪಶ್ಚಿಮಕ್ಕ ಬಂಡಿ ದಾರಿ, ಉತ್ತರಕ್ಕ ಹಳ್ಳ, ದಕ್ಷಿಣಕ್ಕ ನಿಮ್ಮ ಅಪ್ಪನ ಹಿಸ್ಸಾ. ಗಿಡ ನನ್ನದು, ನೆಲದಿಂದ ಎರಡಾಳು ಎತ್ತರ, ಉತ್ತರದ ಕೊಂಬಿ.

ಮಗಳು: ಇಷ್ಟು ಚಂದ ಸ್ಥಳ ಬರದ ಚೀಟಿ ನಮ್ಮ ಹರ್ಬೇರಿಯಮ್ಮಿನ್ಯಾಗ ಇನ್ನೊಂದಿಲ್ಲ.

ಕಾಕಾ: ಆ ಮುಂದಿನ ಸಾಲು ಯಾಕ ಖಾಲಿ ಬಿಟ್ಟಿ?

ಮಗಳು: ಸ್ಥಳೀಯ ಹೆಸರು ಅಂತ ಅದ. ಏನು ಬರೀಲಿ?

ಕಾಕಾ: ...ಕೇಳಿದ್ದನ್ನ ಬರೀಬೇಕು, ಕಟ್ಟಿದ್ದನ್ನ ಬರೀಬಾರದು, ಹೌದಿಲ್ಲೋ? ಬದನಿಕಿ ಅಂತನೇ ಬರಿ. ಹೇಳಿದವರು ಜಮೀನಿನ ಮಾಲೀಕರು ಅಂತನೂ ಬರಿ. ತಪ್ಪು ನನ್ನ ಹೆಸರಿಗೇ ಇರಲಿ.

ಕಾಕಾ ಎದ್ದರು. ಟವೆಲ್ಲಿನ ಅಂಚು ಹರಿದು ಎರಡು ಪಟ್ಟಿ ಮಾಡಿದರು. ಸುತಳಿ ಬೇಡ, ಬೇರು ಕೊರೆಯುತ್ತದೆ ಎಂದು ಅವಳು ಹೇಳಿದ್ದಳು. ಕೈಗೆ ಎಟಕುವ ಕೊಂಬೆಯ ಉತ್ತರದ ಮಗ್ಗುಲಿಗೆ ಗಿಡವನ್ನು ಒತ್ತಿ ಹಿಡಿದರು. ಅವಳು ಗಂಟು ಹಾಕಿದಳು.

ಕಾಕಾ: ನಾಳೆ ಆಳು ಬೇವಿನ ಗಿಡದ್ದು ಕಡಿಯಾಕ ಬರ್ತಾನ. ಅದರ ಮ್ಯಾಲೂ ಇದು ಎರಡು ಅದಾವ. ಅವಗ ಏನಂತ ಹೇಳಲಿ? ವಾಂಡಾ ಅಂದ್ರ ಮಾರಿ ನೋಡ್ತಾನ. ಬದನಿಕಿ ಅಲ್ಲದ ಬದನಿಕಿ ಬಿಡು ಅಂದ್ರ ಎರಡೂ ಕಡದು ಕೂಲಿ ಕೇಳ್ತಾನ.

ಮಗಳು: ಚೌಕಡಿ ಹೂವಿಂದು ಬಿಡು ಅನ್ರಿ.

ಕಾಕಾ: ಬೇವಿನ ಗಿಡದವು ಇನ್ನೂ ಹೂ ಬಿಟ್ಟಿಲ್ಲ. ಬ್ಯಾಡ ತಗಿ, ನನಗ ಗೊತ್ತದ. ತಂಬಿಗಿ ತುಂಬ ನೀರು ಕೊಟ್ಟು ಗಿಡ ಹತ್ತಸ್ತೀನಿ. ಬೇರಿಗೆ ಹಾಕಿ ನೋಡು, ಹಸರಾದ್ರ ಕೈ ಹಚ್ಚಬ್ಯಾಡ ಅಂತೀನಿ.